ಒಂಟಿ ಸೆರೆಯ ದಿನಗಳ ಲೆಕ್ಕ ಯಾರ ಬಳಿ ಇದೆ?

2022ರ ನವೆಂಬರ್‌ನಲ್ಲಿ, ನಾನಿರುವ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ನಮ್ಮವರು ನಡೆಸಿದ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಬಿ.ಎ. ಉಮೇಶ್ ಪ್ರಕರಣದ ಮಾತು ಬಂತು. ಅತ್ಯಾಚಾರ, ಕೊಲೆಗಾಗಿ ಗಲ್ಲು ಶಿಕ್ಷೆಗೊಳಗಾಗಿದ್ದ ಆತನನ್ನು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ವರ್ಷಗಟ್ಟಲೆ ಒಂಟಿ ಸೆರೆಯಲ್ಲಿಟ್ಟದ್ದು ಕಾನೂನಿಗೆ ವಿರುದ್ಧವೆಂದು ಹೇಳಿ, ಸುಪ್ರೀಂ ಕೋರ್ಟ್ ಆಗಷ್ಟೇ ಗಲ್ಲನ್ನು ಕನಿಷ್ಠ 30 ವರ್ಷಗಳ ಸೆರೆಗೆ ಇಳಿಸಿತ್ತು. "ಅಂಥವನಿಗೆ ಅದೇ ತಕ್ಕ ಶಾಸ್ತಿ, ಇಲ್ಲಿಯ ಹಾಗೆ ಜೈಲೆಂದರೆ ಮಾವನ ಮನೆಯೇ?" ಎಂದರು ಪಕ್ಕದಲ್ಲಿದ್ದ ಹಿರಿಯರು. ಸುತ್ತಲಿನವರೂ ಹೌದೆಂದು ತಲೆದೂಗಿದ್ದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಇಲ್ಲಿಯ ಜೈಲೂ ಮಾವನ ಮನೆಯಲ್ಲ. 2016ರಲ್ಲಿ ಈ ಪ್ರಾಂತ್ಯದ ಮಾನವ ಹಕ್ಕುಗಳ ಮುಖ್ಯ ಆಯುಕ್ತೆ ರೇಣು ಮಂಧಾನೆ ಥಂಡರ್ ಬೇ ಜೈಲಿಗೆ ಹೋದಾಗ, ಅಲ್ಲಿನ ಸಿಬ್ಬಂದಿಯೊಬ್ಬರು ಹೇಳಿದ್ದರಿಂದಲೇ ಆಡಂ ಕೇಪೆ ಎಂಬ ಮೂಲನಿವಾಸಿ ಯುವಕನ ವಿಷಯ ಹೊರಬಿತ್ತು. ಸರಳುಗಳಿಗೆ ಆಕ್ರಿಲಿಕ್ ಹಾಳೆ ಹೊದಿಸಿದ, ಹಗಲೂ ರಾತ್ರಿಯೂ ದೀಪ ಉರಿಯುವ ಕೋಣೆಯಲ್ಲಿ, ವಿಚಾರಣೆಯೇ ಮುಗಿಯದ ಆತ ನಾಲ್ಕು ವರ್ಷಗಳಿಂದ ಒಂಟಿಯಾಗಿದ್ದ. ಸುದ್ದಿ ಹೊರಬಂದೊಡನೆ ಸರ್ಕಾರ ಉತ್ತರ ಕೊಡಲೇಬೇಕಾಯಿತು. 2019ರಲ್ಲಿ ಆತನ ಮೇಲಿದ್ದ ಕೊಲೆ ಮೊಕದ್ದಮೆಯನ್ನೇ ನ್ಯಾಯಾಲಯ ನಿಲ್ಲಿಸಿತು. ಅದೇ ವರ್ಷ, ಒಕ್ಕೂಟ ಸರ್ಕಾರದ ಜೈಲುಗಳಲ್ಲಿ ಹೀಗೆ ಪ್ರತ್ಯೇಕವಾಗಿಟ್ಟ ಕೈದಿಗೆ ದಿನಕ್ಕೆ ನಾಲ್ಕು ಗಂಟೆ ಕೋಣೆಯಾಚೆ, ಅದರಲ್ಲಿ ಎರಡು ಗಂಟೆ ಮನುಷ್ಯರ ಜೊತೆ ಕಳೆಯುವ ಅವಕಾಶವಿರಬೇಕೆಂಬ ಕಾನೂನು ಬಂತು.

ನಮ್ಮಲ್ಲಿ ಕಾನೂನಿಗೇನು ಬರವಿರಲಿಲ್ಲ. ನ್ಯಾಯಾಲಯ ಒಂಟಿ ಸೆರೆ ವಿಧಿಸಿದರೂ ಅದು ಒಂದು ಸಲಕ್ಕೆ 14 ದಿನ, ಒಟ್ಟು ಮೂರು ತಿಂಗಳು ಮೀರಬಾರದೆಂದು ಬ್ರಿಟಿಷರ ಕಾಲದ ದಂಡ ಸಂಹಿತೆಯೇ ಹೇಳುತ್ತಿತ್ತು. ಕ್ಷಮಾದಾನದ ದಾರಿಗಳೆಲ್ಲ ಮುಚ್ಚುವವರೆಗೆ ಗಲ್ಲು ಶಿಕ್ಷೆಯ ಕೈದಿಯನ್ನೂ ಹಾಗೆ ಬೇರ್ಪಡಿಸಿ ಇಡುವಂತಿಲ್ಲವೆಂದು 1978ರಲ್ಲೇ ಸುನೀಲ್ ಬಾತ್ರಾ ಪ್ರಕರಣದಲ್ಲಿ ತೀರ್ಪಾಗಿತ್ತು. ರಾಷ್ಟ್ರಪತಿಯವರು ಉಮೇಶನ ಅರ್ಜಿಯನ್ನು ತಿರಸ್ಕರಿಸಿದ್ದು 2013ರಲ್ಲಿ. ಆತ ಒಂಟಿ ಕೋಣೆ ಸೇರಿದ್ದು 2006ರಲ್ಲಿ. ಅಷ್ಟು ವರ್ಷ ಆ ಬಾಗಿಲಿನ ಮುಂದೆ ಓಡಾಡಿದ ಅಧಿಕಾರಿಗಳಲ್ಲಿ ಒಬ್ಬರಾದರೂ ದಿನ ಎಣಿಸಿದ್ದರೆ ಪ್ರಕರಣ ದೆಹಲಿಯವರೆಗೆ ಹೋಗಬೇಕಿರಲಿಲ್ಲ. ಆತನ ಅಪರಾಧ ಎಷ್ಟೇ ಹೇಯವಾಗಿರಲಿ, ನ್ಯಾಯಾಲಯ ವಿಧಿಸದ ಶಿಕ್ಷೆಯನ್ನು ಜೈಲು ತನ್ನಷ್ಟಕ್ಕೆ ತಾನೇ ಸೇರಿಸುವುದನ್ನು ನಾನು ಒಪ್ಪಲಾರೆ.

ಕೆನಡಾದ ಹೊಸ ವ್ಯವಸ್ಥೆಯೂ ಹೇಳಿದಂತೆ ನಡೆದಿಲ್ಲವೆಂಬುದನ್ನು ಒಪ್ಪಲೇಬೇಕು. ಆ ನಾಲ್ಕು ಗಂಟೆ ಬಹಳ ಕೈದಿಗಳಿಗೆ ಸಿಕ್ಕಿಲ್ಲವೆಂದು ಅಪರಾಧಶಾಸ್ತ್ರಜ್ಞರಾದ ಆಂಥನಿ ಡೂಬ್ ಮತ್ತು ಜೇನ್ ಸ್ಪ್ರಾಟ್ 2021ರಲ್ಲಿ ತೋರಿಸಿದರು. ಆದರೆ ಅವರು ತೋರಿಸಿದ್ದು ಜೈಲು ಇಲಾಖೆಯದೇ ಅಂಕಿಅಂಶಗಳಿಂದ. ಕರ್ನಾಟಕದ ಕಾರಾಗೃಹ ಇಲಾಖೆಯೂ ಯಾವ ಜೈಲಿನಲ್ಲಿ ಎಷ್ಟು ಮಂದಿ, ಎಷ್ಟು ದಿನಗಳಿಂದ ಒಂಟಿ ಕೋಣೆಯಲ್ಲಿದ್ದಾರೆಂಬುದನ್ನು ಪ್ರತಿ ತಿಂಗಳು ಪ್ರಕಟಿಸಲಿ.