ಕ್ಲೋರಿನ್ ಭಯ, ಬಿಸಿನೀರಿನ ಅಭಯ

ಕಕ್ಕಡ ತಿಂಗಳ ಮಳೆ ಹಿಡಿಯಿತೆಂದರೆ ಕೊಡಗಿನ ನಲ್ಲಿಗಳಲ್ಲಿ ಬೆಲ್ಲದ ಕರಿಕಾಫಿ ಬಣ್ಣದ ನೀರು. ಅದಕ್ಕೆ ಯಾರ ತಕರಾರೂ ಇಲ್ಲ. ಒಂದು ಬೆಳಿಗ್ಗೆ ಕ್ಲೋರಿನ್ ವಾಸನೆ ಬಂತೋ, ವಾಟ್ಸಾಪ್ ಗುಂಪಿನ ಕ್ಯಾನ್ಸರ್ ತಜ್ಞರೆಲ್ಲ ಎದ್ದು ಕೂತರು: ಕ್ಲೋರಿನ್ ನೀರು ಕುಡಿದರೆ ಕ್ಯಾನ್ಸರ್ ಬರುತ್ತದಂತೆ!

ಅವರ ಮಾತು ಪೂರ್ತಿ ಸುಳ್ಳಲ್ಲ, ತೊಂದರೆಯೇ ಅದು. ಕೊಳೆತ ತರಗೆಲೆಯ ರಸ ಬಿಟ್ಟುಕೊಂಡ ನೀರಿಗೆ ಕ್ಲೋರಿನ್ ಬಿದ್ದರೆ ಕ್ಯಾನ್ಸರಿನ ಶಂಕೆ ಹೊತ್ತ, ಕ್ಲೋರೋಫಾರ್ಮ್‌ನಂಥ ಟ್ರೈಹ್ಯಾಲೋಮೀಥೇನ್‌ಗಳು ಹುಟ್ಟುತ್ತವೆ. 1974ರಲ್ಲೇ ರಾಟರ್‌ಡ್ಯಾಮಿನ ನೀರಿನಲ್ಲಿ ಸಿಕ್ಕಿಬಿದ್ದವು. ನಮ್ಮ ಹೊಳೆಗಳಲ್ಲಂತೂ ತೋಟದ ತರಗಿಗೆ ಬರವಿಲ್ಲ. ಮೊದಲು ಆಲಂ (ಪಟಿಕ) ಹಾಕಿ, ಮರಳಿನಲ್ಲಿ ಸೋಸಿ, ಆಮೇಲೆ ಕ್ಲೋರಿನ್ ಕೊಟ್ಟರೆ ಈ ಕಾಟ ಎಷ್ಟೋ ಇಳಿಯುತ್ತದೆ. ಸೋಸುವ ರಗಳೆ ಯಾರಿಗೆ ಬೇಕು? ಕ್ಲೋರಿನ್ನೇ ಬೇಡ ಅನ್ನುವುದು ಸಲೀಸು. ಮುಪ್ಪಿಗೆ ಬರುತ್ತದೋ ಇಲ್ಲವೋ ಎಂಬ ಕ್ಯಾನ್ಸರಿಗೆ ಹೆದರಿ ಈ ವಾರವೇ ಟೈಫಾಯ್ಡ್ ಮಾಡಿಕೊಳ್ಳುವ ಮುಂದಾಲೋಚನೆ ನಮ್ಮದು.

ಇತ್ತ ಪಂಪ್‌ಹೌಸಿನಲ್ಲಿ ಬ್ಲೀಚಿಂಗ್ ಪೌಡರ್ ಚೀಲ ಮೇ ತಿಂಗಳಿನಿಂದ ಬಾಯಿ ತೆರೆದು ಮಳೆ ನೋಡುತ್ತಿದೆ. ಹೊಸತರಲ್ಲಿ ಅದರಲ್ಲಿ ಶೇ 33ರಷ್ಟು ಕ್ಲೋರಿನ್. ಇಲ್ಲಿನ ಥಂಡಿಗೆ ಅದು ಹಾರಿಹೋಗಿ ಸುಣ್ಣದ ಗಡ್ಡೆಯಷ್ಟೇ ಉಳಿಯುತ್ತದೆ. ಒಳ್ಳೆಯ ಪೌಡರಾದರೆ 1000 ಲೀಟರಿಗೆ ಸುಮಾರು 2.5 ಗ್ರಾಂ, ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿ ಮಾತ್ರ ಟ್ಯಾಂಕಿಗೆ ಹೊಯ್ದು, ಅರ್ಧ ಗಂಟೆ ಕಾದು ನೀರು ಬಿಡಬೇಕು. ಇಲ್ಲಿ ಮುಷ್ಟಿಯೇ ತಕ್ಕಡಿ. ಗಡ್ಡೆ ಎಸೆದ ಕೈಯಲ್ಲೇ ವಾಲ್ವ್ ತಿರುಗಿಸಿದರೆ ಟ್ಯಾಂಕಿನ ಪಕ್ಕದವರಿಗೆ ಮೂಗುರಿ, ಪೈಪಿನ ಕೊನೆಯವರಿಗೆ ಭೇದಿ. ಕೊನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ನೋಡುವ ಕಿಟ್ಟೋ? ಬೀರುವಿನಲ್ಲಿ ಸೀಲೂ ಒಡೆಯದೆ ಸುಖವಾಗಿದೆ.

ಅನುಕೂಲಸ್ಥರದು ಬೇರೆ ದಾರಿ. ಉಪ್ಪೇ ಇಲ್ಲದ ನೀರಿನಿಂದ ಉಪ್ಪು ತೆಗೆಯಲು ಆರ್‌ಒ! ಯು.ವಿ. ದೀಪವಾದರೂ ರೋಗಾಣು ಕೊಲ್ಲುತ್ತದೆ ಅನ್ನಿ, ಆದರೆ ಕಲಕು ನೀರಿನಲ್ಲಿ ಬೆಳಕು ತೂರದು. ಮೇಲಾಗಿ ಅದಕ್ಕೆ ಕರೆಂಟು ಬೇಕು, ಆಷಾಢದಲ್ಲಿ, ಕೊಡಗಿನಲ್ಲಿ.

ಉಳಿದದ್ದು ಹೋಟೆಲಿನ ಬಿಸಿನೀರು. ಮಡಿಕೇರಿಯ ಎತ್ತರದಲ್ಲಿ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಒಂದು ನಿಮಿಷ ಕೊತಕೊತ ಕುದಿದರೆ ಕ್ಲೋರಿನ್ನಿಗೆ ಜಗ್ಗದ, ಭೇದಿ ತರುವ ಕ್ರಿಪ್ಟೋಸ್ಪೋರಿಡಿಯಂ ಎಂಬ ರೋಗಾಣು ಕೂಡ ಸಾಯುತ್ತದೆ. ಹಾಗೆ ಕುದಿಸಿದ ನೀರು ಗಿರಾಕಿಯ ನಾಲಿಗೆ ಸುಟ್ಟೀತೆಂದು ಸಪ್ಲಯರ್ ಜಗ್ಗನ್ನು ಅರ್ಧಕ್ಕೆ ನಿಲ್ಲಿಸಿ, ಮಿಕ್ಕರ್ಧ ನಲ್ಲಿಯಿಂದ ತುಂಬಿಸಿ ತರುತ್ತಾನೆ. ಗಿರಾಕಿ ಉಗುರುಬೆಚ್ಚಗಿನ ಲೋಟವನ್ನು ಮೂಸಿ ನೋಡುತ್ತಾರೆ.

“ಇದಕ್ಕೆ ಕ್ಲೋರಿನ್ ಗೀರಿನ್ ಹಾಕಿಲ್ಲ ತಾನೆ?”

“ಛೇ ಛೇ, ಕಾವೇರಮ್ಮನ ನೀರು ಸಾರ್!”