ಹುಬ್ಬಳ್ಳಿಯಲ್ಲಿ ಓಡಿದ ಮೌಸು

ಧಾರವಾಡದ ನಮ್ಮ ಮನೆಯ ಕಂಪ್ಯೂಟರಿನ ವೈರ್‌ಲೆಸ್ ಮೌಸು ಕಳೆದ ಮಳೆಗಾಲದಲ್ಲಿ ವಿಚಿತ್ರ ರೋಗಕ್ಕೆ ತುತ್ತಾಯಿತು. ಹಗಲೆಲ್ಲ ಸರಾಗವಾಗಿ ಓಡುತ್ತಿದ್ದ ಬಾಣದ ಗುರುತು, ರಾತ್ರಿ ಊಟ ಮುಗಿಸಿ ನಾನು ಹಳೆಯ ಫೋಟೋಗಳನ್ನು ಹೊರಗಿನಿಂದ ವೈರು ಹಚ್ಚುವ ಹಾರ್ಡ್ ಡಿಸ್ಕಿಗೆ ತುಂಬಲು ಕುಳಿತೊಡನೆ, ಎರೆಹೊಲದ ರಾಡಿಯಲ್ಲಿ ಕಾಲು ಹುಗಿದವರ ಹಾಗೆ ನಿಂತು, ಮರುಕ್ಷಣ ಪರದೆಯ ಆಚೆ ತುದಿಗೆ ಜಿಗಿಯುತ್ತಿತ್ತು. ಸೆಲ್ ಬದಲಿಸಿದೆ. ಟೇಬಲ್ಲಿನ ಗಾಜಿನ ಮೇಲೆ ಅನುಮಾನ ಬಂದು ಲಗ್ನಪತ್ರಿಕೆಯ ರಟ್ಟನ್ನು ಹಾಸಿದೆ. ರಜೆಗೆ ಬಂದು ಹೋದ ತಂಗಿಯ ಮಗನ ಆಟಗಳನ್ನೆಲ್ಲ ಅಳಿಸಿದೆ; ಆ ಹುಡುಗನಿಗೆ ಇದನ್ನು ಇನ್ನೂ ಹೇಳಿಲ್ಲ. ಕಂಪ್ಯೂಟರಿನ ಮಾರಿ ದಕ್ಷಿಣಕ್ಕೆ ಇರುವುದೇ ಮೂಲ ಎಂಬುದು ಅವ್ವನ ನಿರ್ಣಯವಾಗಿತ್ತು.

ಕೊನೆಗೆ ಸಿಪಿಯು ಡಬ್ಬಿಯನ್ನು ಚಾದರದಲ್ಲಿ ಸುತ್ತಿಕೊಂಡು ಜುಬಿಲಿ ಸರ್ಕಲ್ಲಿನಲ್ಲಿ ಚಿಗರಿ ಬಸ್ಸು ಹತ್ತಿದೆ. ತೊಡೆಯ ಮೇಲಿದ್ದ ಗಂಟನ್ನು ನವಲೂರಿನವರೆಗೂ ನೋಡುತ್ತ ಬಂದ ಪಕ್ಕದ ಹಿರಿಯರು, "ಮಿಕ್ಸರ್ ಕೆಟ್ಟೈತೇನ್ರಿ?" ಎಂದು ಕೇಳಿದರು. ಹೌದೆಂದೆ. ನಿಜ ಹೇಳಿದ್ದರೆ ಹುಬ್ಬಳ್ಳಿಯವರೆಗೂ ವಿವರಿಸಬೇಕಾಗುತ್ತಿತ್ತು. ರಿಪೇರಿಯ ಅಂಗಡಿಯಲ್ಲಿ ಮೌಸು ಅರ್ಧ ಗಂಟೆ ಎಲ್ಲಿಯೂ ತಡವರಿಸದೆ ಓಡಿ ನನ್ನ ಮಾನ ಕಳೆಯಿತು. "ಸರ, ಇದಕ್ಕ ಏನೂ ಆಗಿಲ್ರಿ" ಎಂದ ಹುಡುಗ, ಬಂದದ್ದಕ್ಕೆ ಒಳಗಿನ ದೂಳು ಊದಿ ಇನ್ನೂರು ರೂಪಾಯಿ ತೆಗೆದುಕೊಂಡ. ಅದೇ ರಾತ್ರಿ ಮನೆಯಲ್ಲಿ ಮತ್ತೆ ಅದೇ ರಾಡಿ.

ರೋಗದ ಮೂಲವನ್ನು ಪತ್ತೆ ಹಚ್ಚಿದವಳು ನನ್ನ ಹೆಂಡತಿ. ಕಾಯಿಪಲ್ಲೆ ಸೋಸುತ್ತಲೇ, "ರೀ, ನೀವು ಆ ಫೋಟೋದ ಡಬ್ಬಿ ಹಚ್ಚಿದಾಗಷ್ಟ ಇದು ನಿಲ್ತೈತಿ, ನೋಡ್ರಿ" ಎಂದಳು. ಡಿಸ್ಕಿನ ವೈರು ಕಿತ್ತರೆ ಮೌಸು ಓಡುತ್ತದೆ, ಹಚ್ಚಿದರೆ ನಿಲ್ಲುತ್ತದೆ! ಹುಬ್ಬಳ್ಳಿಗೆ ನಾನು ಡಿಸ್ಕನ್ನು ಒಯ್ದಿರಲೇ ಇಲ್ಲ. ಹುಡುಕಿ ಓದಿದಾಗ ತಿಳಿದದ್ದಿಷ್ಟು: ನೀಲಿ ಬಣ್ಣದ ಯುಎಸ್‌ಬಿ 3.0 ಕಿಂಡಿಯಲ್ಲಿ ಮಾಹಿತಿಯು ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಹರಿಯುವಾಗ ಹೊರಬೀಳುವ ರೇಡಿಯೋ ಗದ್ದಲವು 2.4 ಗಿಗಾಹರ್ಟ್ಸ್ ಪಟ್ಟಿಯವರೆಗೂ ಹರಡುತ್ತದೆ. ನಮ್ಮ ಮೌಸು ಮಾತನಾಡುವುದೂ ಅದೇ ಪಟ್ಟಿಯಲ್ಲಿ. ಇಂಟೆಲ್ ಸಂಸ್ಥೆ ಇದನ್ನು ಅಳೆದು 2012ರಲ್ಲಿಯೇ ಒಂದು ಪ್ರಬಂಧವನ್ನು ಪ್ರಕಟಿಸಿತ್ತು. ಮೌಸಿನ ಉಗುರುಗಾತ್ರದ ರಿಸೀವರನ್ನು ನಾನು ಡಿಸ್ಕಿನ ಮಗ್ಗುಲಿನ ಕಿಂಡಿಗೇ ಸಿಕ್ಕಿಸಿದ್ದೆ. ಲಗ್ನದ ಬ್ಯಾಂಡಿನವರ ನಡುವೆ ಕುಳ್ಳಿರಿಸಿ ಗುಟ್ಟು ಕೇಳಿಸಿಕೋ ಎಂದರೆ ಅದಾದರೂ ಏನು ಮಾಡೀತು? ಒಂದು ಮೀಟರಿನ ಎಕ್ಸ್‌ಟೆನ್ಶನ್ ಕೇಬಲ್ ತಂದು ರಿಸೀವರನ್ನು ಗೋಡೆಯ ಕ್ಯಾಲೆಂಡರಿನ ಮೊಳೆಗೆ ತೂಗುಹಾಕಿದೆ. ಮೌಸು ಓಡಿತು.

ಆಮೇಲೆ ಪ್ರಿಂಟರ್ ಮುನಿಸಿಕೊಂಡಿತು. ಫೋನಿನಲ್ಲಿ ರಿಪೇರಿ ಅಂಗಡಿಯ ಅದೇ ಹುಡುಗ "ಬಂದ್ ಮಾಡಿ ಚಾಲೂ ಮಾಡ್ರಿ" ಎಂದ. ಮೂರು ಸಲ ಶಟ್‌ಡೌನ್ ಮಾಡಿದರೂ ಪ್ರಯೋಜನವಾಗಲಿಲ್ಲ. ಶಟ್‌ಡೌನ್ ಬೇಡ, ರೀಸ್ಟಾರ್ಟ್ ಒತ್ತಿರಿ ಎಂದು ಅವನು ತಿದ್ದಿದ. ವಿಂಡೋಸ್ 8ರ ಕಾಲದಿಂದ ಬಂದ ಫಾಸ್ಟ್ ಸ್ಟಾರ್ಟಪ್ ಎಂಬ, ಕಂಪ್ಯೂಟರನ್ನು ಬೇಗ ಏಳಿಸುವ ಸೌಲಭ್ಯ ಚಾಲೂ ಇದ್ದರೆ, ಶಟ್‌ಡೌನ್ ಮಾಡಿದಾಗ ವ್ಯವಸ್ಥೆಯ ತಿರುಳು ಇದ್ದ ಸ್ಥಿತಿಯಲ್ಲಿಯೇ ಕಂಪ್ಯೂಟರಿನ ಒಳಗಿನ ಡಿಸ್ಕಿನಲ್ಲಿ ಉಳಿದು, ಮರುದಿನ ಹಳೆಯ ಸಿಟ್ಟಿನ ಸಮೇತ ಏಳುತ್ತದೆಯಂತೆ. ರೀಸ್ಟಾರ್ಟ್ ಒತ್ತಿದರೆ ಪೂರ್ತಿ ಹೊಸದಾಗಿ ಏಳುತ್ತದೆ. ಬಂದ್ ಮಾಡಿದರೆ ಬಂದ್ ಆಗದ ಈ ವ್ಯವಸ್ಥೆಗೆ ಹೆಸರಿಟ್ಟವರು ನಮ್ಮ ಮನೆಯಲ್ಲಿ ಒಂದು ವಾರ ಇದ್ದು ಅವ್ವನಿಗೆ ತಿಳಿಸಿ ಹೇಳಬೇಕು.

ಶ್ರಾವಣದಲ್ಲಿ ರಾತ್ರಿಯಿಡೀ ಕರೆಂಟು ಹೋಗಿ ಬಂದ ಬೆಳಿಗ್ಗೆ ಬ್ಯಾಂಕಿನ ಪುಟ ತೆರೆಯಲಿಲ್ಲ. ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬಂತು. ಗಾಬರಿಯಿಂದ ಬ್ಯಾಂಕಿಗೇ ಓಡಿ, ಹಣ ಇದೆಯೆಂದು ಖಾತ್ರಿ ಮಾಡಿಕೊಂಡು ಬಂದೆ. ಪರದೆಯ ಮೂಲೆಯಲ್ಲಿ 2009ನೆಯ ಇಸವಿಯ ಜನವರಿ 1 ಎಂದಿದ್ದುದನ್ನು ಕಂಡದ್ದು ಆಮೇಲೆ. ಪುಟ ಬ್ಯಾಂಕಿನದೇ ಎಂದು ಕಂಪ್ಯೂಟರಿಗೆ ತೋರಿಸುವ ಪ್ರಮಾಣಪತ್ರಕ್ಕೂ ಜಾರಿಯ ದಿನಾಂಕವಿರುತ್ತದೆ. 2009ರಲ್ಲಿ ನಿಂತ ಯಂತ್ರದ ಕಣ್ಣಿಗೆ ಅದು ಇನ್ನೂ ಹುಟ್ಟದ ಕಾಗದ. ಮದರ್‌ಬೋರ್ಡಿನ ಮೇಲಿದ್ದ, ಕರೆಂಟಿಲ್ಲದಾಗ ಒಳಗಿನ ಗಡಿಯಾರವನ್ನು ನಡೆಸುವ ಬಿಲ್ಲೆಯಂಥ ಸೆಲ್ ಸತ್ತಿತ್ತು. ಅದರ ಹೆಸರು ಸಿಆರ್ 2032, ಅಂದರೆ ಅಗಲ 20 ಮಿಲಿಮೀಟರ್, ದಪ್ಪ 3.2. ಇಷ್ಟು ಪ್ರಾಮಾಣಿಕ ಹೆಸರಿನ ವಸ್ತು ಆ ಡಬ್ಬಿಯೊಳಗೆ ಇನ್ನೊಂದಿಲ್ಲ. ಗಡಿಯಾರದ ಅಂಗಡಿಯಲ್ಲಿ ಐವತ್ತು ರೂಪಾಯಿಗೆ ಸಿಕ್ಕಿತು.

ಅಂದಿನಿಂದ ಅವ್ವ ದಿನಾ ಬೆಳಿಗ್ಗೆ ಕ್ಯಾಲೆಂಡರಿನ ತಾರೀಖು ಹರಿಯುವಾಗ, ಮೊಳೆಗೆ ತೂಗುವ ರಿಸೀವರನ್ನು ಒಂದು ಕೈಯಿಂದ ಹುಷಾರಾಗಿ ಸರಿಸಿ, "ಇವತ್ತ ಎಷ್ಟನೇ ತಾರೀಖ ಅಂತೈತೋ ನಿನ್ನ ಮಷೀನು?" ಎಂದು ಕೇಳುತ್ತಾಳೆ. ನಾನು ಹೇಳಿದ ಮೇಲೆಯೇ ಹಾಳೆಯನ್ನು ಹರಿಯುತ್ತಾಳೆ.