ಜಾಲಂಧ್ರವೂ ಕ್ಯಾಮೆರಾವೂ

ಗೋಡೆಯಗಲದ ಗಾಜು, ಮೂಲೆಮೂಲೆಗೂ ಕ್ಯಾಮೆರಾ, ಇದೇ ಇಂದಿನ ಮನೆಯ ಅಂದ ಎಂದು ಹೊಸ ಮನೆಗಳ ಬಗ್ಗೆ ನಾನು ಓದಿದ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಗಾಜಿನ ಮಾತನ್ನು ಒಪ್ಪುತ್ತೇನೆ, ಒರೆಸುವವರು ಬೇರೆ ಯಾರಾದರೂ ಇದ್ದರೆ. ಕ್ಯಾಮೆರಾದ ಬಗ್ಗೆ ಮಾತ್ರ ತಕರಾರಿದೆ.

ಹಾಸನದಲ್ಲಿ ನಮ್ಮ ಪಕ್ಕದ ಮನೆಯವರು ಕಳ್ಳರ ಭಯಕ್ಕೆ ಹಾಕಿಸಿದ ಕ್ಯಾಮೆರಾ ಅವರ ಗೇಟಿನ ಜೊತೆಗೆ ನಮ್ಮ ಹಿತ್ತಲನ್ನೂ ನೋಡುತ್ತದೆ. ಅಂದಿನಿಂದ ಅಮ್ಮ ಸಂಡಿಗೆ ಒಣಹಾಕಲು ಹೋಗುವಾಗಲೂ ಸೆರಗು ಸರಿಮಾಡಿಕೊಳ್ಳುತ್ತಾರೆ. "ಮನುಷ್ಯ ಇಣುಕಿದರೆ ಬೈಯಬಹುದು, ಇದನ್ನು ಏನೆಂದು ಬೈಯಲಿ?" ಎನ್ನುತ್ತಾರೆ.

ಬೇಲೂರಿಗೆ ನೆಂಟರನ್ನು ಕರೆದೊಯ್ದಾಗಲೆಲ್ಲ ಅವರು ಮದನಿಕೆಯರನ್ನು ನೋಡಿ ಕತ್ತು ನೋಯಿಸಿಕೊಳ್ಳುತ್ತಾರೆ. ನಾನು ಜಾಲಂಧ್ರಗಳ ಬಳಿ ನಿಲ್ಲುತ್ತೇನೆ. 1117ರಲ್ಲಿ ಪ್ರತಿಷ್ಠೆಯಾದ ಗುಡಿಗೆ ಅವು ಆಮೇಲೆ ಸೇರಿದವು. ಕಲ್ಲಿನಲ್ಲಿ ಕೊರೆದ ಕಿಂಡಿಗಳು. ಗಾಳಿ ಬೆಳಕು ಒಳಬರುತ್ತವೆ, ಒಳಗಿನ ನೆರಳಿನಲ್ಲಿ ನಿಂತವರಿಗೆ ಅಂಗಳ ಕಾಣುತ್ತದೆ, ಬಿಸಿಲಿನಲ್ಲಿ ನಿಂತವರಿಗೆ ಒಳಗೇನೂ ಕಾಣುವುದಿಲ್ಲ. ಗುಡಿಯ ಉದ್ದೇಶ ಬೇರೆಯೇ ಇರಬಹುದು. ಮನೆ ಕಟ್ಟುವವರು ನೋಡಿ ಬರಲಿ.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದರು. ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪನ್ನು ಹಿಡಿದುಕೊಂಡು ಪಕ್ಕದ ಮನೆಯ ಬಾಗಿಲು ತಟ್ಟಲಾಗುತ್ತದೆಯೇ? ಯುಗಾದಿಗೆ ನಮಗೆ ಹೋಳಿಗೆ ಬರುವುದೇ ಆ ಮನೆಯಿಂದ. ಸದ್ಯಕ್ಕೆ ಕಾಂಪೌಂಡಿನ ಮೇಲೆ ಸುಟ್ಟ ಮಣ್ಣಿನ ಜಾಲರಿ ಎರಡು ಸಾಲು ಏರಿಸಲು ಗಾರೆ ಕೆಲಸದವರಿಗೆ ಹೇಳಿದ್ದೇನೆ.